ಪೌಲ್ಸೆನ್ ಸಾಯದ ಹನ್ನೊಂದು ವರ್ಷ

ಆ ಶನಿವಾರ ಟಿಲ್ಡ ತನ್ನ ಸರದಿ ಅಲ್ಲದಿದ್ದರೂ ಕೇಕ್ ತಂದಿದ್ದಳು. ಅದನ್ನು ನೋಡಿದಾಗಲೇ ವಿಬೆಕೆಗೆ ಹೊಳೆಯಬೇಕಿತ್ತು. ಆ ದ್ವೀಪದಲ್ಲಿ ಕೆಲಸ ಬಿಡುವವರು ಕೊನೆಯ ದಿನ ಕೇಕ್ ತರುತ್ತಾರೆ. ಮನೆ ಖಾಲಿ ಮಾಡುವವರೂ ತರುತ್ತಾರೆ. ಕೆಟ್ಟ ಸುದ್ದಿಯನ್ನು ಬರಿಗೈಯಲ್ಲಿ ಹೇಳುವ ಪದ್ಧತಿ ಅವರಲ್ಲಿಲ್ಲ. ಆದರೆ ವಿಬೆಕೆ ಕೇಕಿನ ಮೇಲಿನ ಕಂದು ಸಕ್ಕರೆ, ಕೊಬ್ಬರಿ ನೋಡಿ ಖುಷಿಪಟ್ಟು ತಟ್ಟೆ ಹುಡುಕಲು ಹೋದಳು.

ಟಿಲ್ಡ ಹಿಂದೆಯೇ ಬಂದು ಪುಟ್ಟ ಅಡುಗೆಮನೆಯ ಬಾಗಿಲು ಮುಚ್ಚಿದಳು.

"ಬಿಡ್ತಾ ಇದೀನಿ, ವಿಬೆಕೆ."

"ಏನನ್ನ? ಸಿಗರೇಟಾ? ಒಳ್ಳೇದು ಬಿಡು."

"ಆಟಾನ."

ವಿಬೆಕೆಯ ಕೈಯಲ್ಲಿದ್ದ ತಟ್ಟೆ ಕೈಯಲ್ಲೇ ಉಳಿಯಿತು.

"ಮೂರು ವರ್ಷ ಆಯ್ತು ನಾನು ಬಂದು," ಎಂದಳು ಟಿಲ್ಡ. "ಈ ಮೂರು ವರ್ಷ ಆಟದಲ್ಲಿ ನಾನು ಮಾಡಿದ್ದೇನು, ನೀನೇ ಹೇಳು. ದೋಣಿ ನಡೆಸಿದೀನಿ. ಆಚೆ ದಡಕ್ಕೆ ಕರ್ಕೊಂಡು ಹೋಗ್ತೀನಿ, ಐನಾರ್‌ನ ಆ ಪೌಲ್ಸೆನ್ ಇಳೀತಾನೆ, ಇರೋ ಬರೋರನ್ನೆಲ್ಲ ಒಬ್ಬನೇ ಮುಗಿಸ್ತಾನೆ, ಕೈ ಒರೆಸ್ಕೊಂಡು ವಾಪಸ್ ಹತ್ತುತಾನೆ. ನಾನೇನು ಅವನ ಟ್ಯಾಕ್ಸಿನಾ? ಪ್ರೆಬೆನ್ ಬಸ್ ಓಡಿಸ್ತಾನೆ, ಅವನಿಗಾದ್ರೂ ಸಂಬಳ ಇದೆ!"

ಹುಡುಗಿಯ ಕಣ್ಣಲ್ಲಿ ನೀರು ತುಂಬಿತ್ತು. ವಾರದ ಐದು ದಿನ ಕಪ್ಪೆಚಿಪ್ಪು ತೊಳೆದು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ನಿಂತು ದುಡಿಯುವವಳು. ಶನಿವಾರ ಮಧ್ಯಾಹ್ನ ಒಂದರಿಂದ ಐದರವರೆಗೆ ತಾನು ಇನ್ನೇನೋ ಆಗುತ್ತೇನೆ ಎಂಬ ಆಸೆಯಿಂದ ಬಂದವಳು. ಅಲ್ಲೂ ಯಾರದೋ ಕೈಕೆಳಗೆ ನಿಲ್ಲುವುದಾದರೆ ಬೇಸರವಾಗದೆ ಇರುತ್ತದೆಯೇ?

"ಒಂದು ವಾರ ಕೊಡು," ಎಂದಳು ವಿಬೆಕೆ. "ಮುಂದಿನ ಶನಿವಾರ ಬಾ. ಆಮೇಲೂ ಬೇಡ ಅನ್ಸಿದ್ರೆ ನಾನೇ ನಿಂಗೆ ಕೇಕ್ ಮಾಡಿಕೊಡ್ತೀನಿ."

ಟಿಲ್ಡ ಮೂಗು ಒರೆಸಿಕೊಂಡು ತಲೆಯಾಡಿಸಿದಳು. ಹೊರಗೆ ಮೇಜಿನ ಬಳಿ ಮುದುಕ ಐನಾರ್ ಕಾಫಿ ಬಗ್ಗಿಸುತ್ತ, "ಕೇಕಿಗೆ ಹೋದವರು ಅಲ್ಲೇ ತಿಂದು ಮುಗಿಸ್ತಾ ಇದಾರೆ ಕಣೋ ಪ್ರೆಬೆನ್," ಎನ್ನುತ್ತಿದ್ದ.

ವಿಬೆಕೆಗೆ ಐವತ್ತೆಂಟು ತುಂಬಿತ್ತು. ಲಿಮ್‌ಫ್ಯೋರ್ಡ್ ಎಂಬ ಕಡಲತೋಳಿನ ನೀರು ಸುತ್ತುವರಿದ ಆ ದ್ವೀಪದಲ್ಲೇ ಹುಟ್ಟಿ, ಅಲ್ಲೇ ಕಟ್ಟುಹಲ್ಲು ಮಾಡುವ ಕೆಲಸ ಕಲಿತು, ಅರ್ಧ ಊರಿನ ಬಾಯಿಯೊಳಗೆ ತನ್ನ ಕೈಕೆಲಸ ಇಟ್ಟವಳು. ರಸ್ತೆಯಲ್ಲಿ ಯಾರಾದರೂ ನಕ್ಕರೆ ಮುಖಕ್ಕಿಂತ ಮೊದಲು ಅವಳು ಹಲ್ಲು ನೋಡುತ್ತಿದ್ದಳು. ಒಂದು ಸಲ ಮದುವೆಯಾಗಿತ್ತು, ಜಗಳವಿಲ್ಲದೆ ಮುರಿದಿತ್ತು. ಮಕ್ಕಳಿರಲಿಲ್ಲ. ಅದಕ್ಕಾಗಿ ಅವಳನ್ನು ಪಾಪ ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಯಾಕೆಂದರೆ ಇಪ್ಪತ್ತಾರು ವರ್ಷ ಪ್ರತಿ ಶನಿವಾರ ಅವಳಷ್ಟು ತುಂಬಿದ ಮನೆ ಆ ಊರಲ್ಲಿ ಇನ್ನಾರಿಗೂ ಇರಲಿಲ್ಲ. ಮನೆಯೆಂದರೆ ಹಳೆಯ ಫೆರ್ರಿ ಕಚೇರಿಯ ಮಹಡಿಯ ಕೋಣೆ. ಸೇತುವೆ ಬಂದು ಆ ಫೆರ್ರಿ ನಿಂತ ಮೇಲೆ ಕೋಣೆಯನ್ನು ಊರಿನ ಸಂಘಗಳಿಗೆ ಬಿಟ್ಟಿದ್ದರು. ನಾಲ್ಕು ಜನ ಇದ್ದರೆ ಸಂಘ, ಮೂರೇ ಇದ್ದರೆ ಬೀಗದ ಕೈ ವಾಪಸ್. ನಿಯಮ ಅಷ್ಟೇ. ಇಸ್ಪೀಟಿನ ಬ್ರಿಜ್ ಆಡುವ ಮುದುಕಿಯರು ಆ ಕೋಣೆಯ ಮೇಲೆ ಬಹಳ ದಿನದಿಂದ ಕಣ್ಣು ಹಾಕಿದ್ದರು.

ಆಟ ಹೀಗೆ. ಮೇಜಿನ ಸುತ್ತ ಕೂತವರು ಒಬ್ಬೊಬ್ಬರೂ ಒಂದೊಂದು ಕಲ್ಪನೆಯ ಮನುಷ್ಯನಾಗುತ್ತಾರೆ. ಆ ಮನುಷ್ಯನ ಬಲ, ಬುದ್ಧಿ, ಉಳಿದಿರುವ ಜೀವ ಎಲ್ಲ ಒಂದು ಹಾಳೆಯಲ್ಲಿ ಅಂಕಿಗಳಾಗಿ ಇರುತ್ತವೆ. ಒಬ್ಬರು ಸೂತ್ರಧಾರಿಯಾಗಿ ಕತೆ ನಡೆಸುತ್ತಾರೆ: ಕಾಡು ಬಂತು, ತೋಳ ಬಂತು, ಏನು ಮಾಡ್ತೀರಿ? ಕತ್ತಿ ಬೀಸುತ್ತೇನೆ ಎಂದರೆ ಕತ್ತಿ ತಾಗಿತೋ ಇಲ್ಲವೋ ಎಂದು ಹೇಳುವುದು ಇಪ್ಪತ್ತು ಮುಖದ ದಾಳ. ದೊಡ್ಡ ಅಂಕಿ ಬಿದ್ದರೆ ಗೆಲುವು, ಸಣ್ಣದು ಬಿದ್ದರೆ ಪೆಟ್ಟು. ವಿಬೆಕೆಯ ಮೇಜಿನಲ್ಲಿ ಹಳೇ ಕಾಲದ ಪದ್ಧತಿ ಇತ್ತು. ಎಲ್ಲರ ದಾಳವನ್ನೂ ಉರುಳಿಸುವವಳು ಸೂತ್ರಧಾರಿ ಒಬ್ಬಳೇ, ಅದೂ ತನ್ನ ಮುಂದೆ ನಿಲ್ಲಿಸಿದ ರಟ್ಟಿನ ಮರೆಯ ಹಿಂದೆ. ಬಿದ್ದದ್ದೇನೆಂದು ಅವಳೇ ಬಾಯಲ್ಲಿ ಹೇಳುತ್ತಾಳೆ, ಉಳಿದವರು ನಂಬುತ್ತಾರೆ.

ಹನ್ನೊಂದು ವರ್ಷದ ಹಿಂದೆ ಐನಾರ್ ಅಲ್ಲಿಗೆ ಬಂದದ್ದು ಆಡುವುದಕ್ಕಲ್ಲ. ಕೋಣೆ ಬಿಸಿ ಮಾಡುವ ಕೊಳವೆ ಕೆಟ್ಟಿತ್ತು, ರಿಪೇರಿಗೆ ಬಂದಿದ್ದ. ಜೀವಮಾನವೆಲ್ಲ ಫೆರ್ರಿಯ ಎಂಜಿನ್ ಕೋಣೆಯಲ್ಲಿ ಕಳೆದು ನಿವೃತ್ತನಾದವನು. ಆ ಬೇಸಿಗೆಯಲ್ಲಷ್ಟೇ ಹೆಂಡತಿ ಗುಡ್ರುನ್ ತೀರಿಹೋಗಿದ್ದಳು. ಕೊಳವೆ ಬಿಸಿಯಾಗುವವರೆಗೆ ಕಾಯಬೇಕಲ್ಲ ಎಂದು ಕುರ್ಚಿಯಲ್ಲಿ ಕೂತ. ಅರ್ಧ ಗಂಟೆ ಸುಮ್ಮನೆ ಕೇಳಿದ. ಆಮೇಲೆ ಮೇಜಿನ ಮೇಲಿದ್ದ ಪುಸ್ತಕದ ಚಿತ್ರಗಳತ್ತ ಬೆರಳು ಮಾಡಿದ.

"ಇದ್ರಲ್ಲಿ ರಾತ್ರಿ ಎಲ್ಲ ಎದ್ದಿರೋರು ಯಾರು?"

"ರಕ್ತಪಿಶಾಚಿ," ಎಂದಳು ವಿಬೆಕೆ. "ಯಾಕೆ?"

"ನಂಗೂ ನಿದ್ದೆ ಬರಲ್ಲ. ಹೇಗೂ ಎದ್ದಿರ್ತೀನಿ."

ಹಾಗೆ ಅವನು ರಕ್ತಪಿಶಾಚಿಯಾದ. ಪ್ರೆಬೆನ್‌ನ ಯೋಧನಿಗೆ ನಾಲ್ಕು ಸಾಲಿನ ಹೆಸರಿತ್ತು, ಬಿರುದು ಬಾವಲಿ ಎಲ್ಲ ಸೇರಿಸಿ. ಐನಾರ್ ತನ್ನ ಪಿಶಾಚಿಗೆ ಪೌಲ್ಸೆನ್ ಎಂದಷ್ಟೇ ಹೆಸರಿಟ್ಟ. ಫೆರ್ರಿಯ ಹಳೆಯ ಕ್ಯಾಪ್ಟನ್ನನ ಹೆಸರದು, ಅವನೂ ಮಲಗಿದ್ದನ್ನು ಯಾರೂ ಕಂಡಿರಲಿಲ್ಲವಂತೆ. ಐನಾರ್‌ನ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ವಿಬೆಕೆ ಒಂದು ಜೊತೆ ಕೋರೆಹಲ್ಲು ಮಾಡಿಕೊಟ್ಟಿದ್ದಳು, ಅವನ ಕಟ್ಟುಹಲ್ಲಿನ ಮೇಲೆ ಸರಿಯಾಗಿ ಕೂರುವಂತೆ. ಅದನ್ನು ಹಾಕಿಕೊಂಡೇ ಅವನು ಬೇಕರಿಗೆ ಹೋಗಿ ರೈ ಬ್ರೆಡ್ಡು ಕೇಳಿದನಂತೆ.

ಈಗ ಆ ಪೌಲ್ಸೆನ್ ಆಟವನ್ನೇ ನುಂಗಿ ಕೂತಿದ್ದ. ಮಂಜಾಗಿ ಕರಗುತ್ತಿದ್ದ, ಕಣ್ಣು ನೆಟ್ಟು ಸೈನ್ಯವನ್ನೇ ಕಲ್ಲಾಗಿಸುತ್ತಿದ್ದ, ಗೋಡೆ ಹತ್ತುತ್ತಿದ್ದ, ತೋಳಗಳನ್ನು ಕರೆಯುತ್ತಿದ್ದ. ಅವನನ್ನು ಹತೋಟಿಗೆ ತರಲು ವಿಬೆಕೆ ಮಾಡದ ಉಪಾಯವಿಲ್ಲ. ಅವನ ಬಲಕ್ಕೆ ತಕ್ಕ ರಾಕ್ಷಸನನ್ನು ತಂದರೆ ರಾಕ್ಷಸನ ಒಂದೇ ಏಟಿಗೆ ಪ್ರೆಬೆನ್‌ನ ಯೋಧ ನೆಲಕ್ಕೆ, ಪೌಲ್ಸೆನ್ ಮಾತ್ರ ನಿಂತೇ ಇರುತ್ತಿದ್ದ. ಉಳಿದಿಬ್ಬರಿಗೆ ತಕ್ಕ ಕಳ್ಳಕಾಕರನ್ನು ತಂದರೆ ಪೌಲ್ಸೆನ್ ಅವರನ್ನು ಕಾಫಿ ಆರುವುದರೊಳಗೆ ಮುಗಿಸುತ್ತಿದ್ದ. ಬಿಸಿಲು ಬಿದ್ದರೆ ರಕ್ತಪಿಶಾಚಿ ಬೂದಿಯಾಗುತ್ತಾನೆಂದು ಕತೆಯನ್ನು ಹಗಲಿಗೆ ತಂದಳು, ಐನಾರ್ ಪೌಲ್ಸೆನ್‌ಗೆ ಚರ್ಮದ ದಪ್ಪ ಮುಸುಕು ಹೊಲಿಸಿದ. ಪಿಶಾಚಿಗಳಿಗೆ ಬೆಳ್ಳುಳ್ಳಿ ಆಗುವುದಿಲ್ಲವೆಂದು ಬೆಳ್ಳುಳ್ಳಿ ಬೆಳೆಯುವ ಪಾದ್ರಿಯನ್ನು ತಂದಳು, ಪಾದ್ರಿ ಒಂದೇ ವಾರದಲ್ಲಿ ಪೌಲ್ಸೆನ್‌ನ ಸ್ನೇಹಿತನಾದ.

ಆ ಭಾನುವಾರ ಬೆಳಿಗ್ಗೆ ಅವಳು ಅಡುಗೆಮನೆಯ ಮೇಜಿನ ಮೇಲೆ ಎಲ್ಲರ ಹಾಳೆಗಳನ್ನೂ ಹರಡಿಕೊಂಡು ಕೂತಳು. ಅವಳ ಕೆಲಸದಲ್ಲಿ ಒಂದು ಕ್ರಮವಿದೆ. ಹೊಸ ಹಲ್ಲು ಕೂರಿಸಿದ ಮೇಲೆ ಒಂದು ನೀಲಿ ಕಾಗದವನ್ನು ಕಚ್ಚಲು ಹೇಳುತ್ತಾರೆ. ಎಲ್ಲಿ ಹಲ್ಲು ಎತ್ತರವಾಗಿದೆಯೋ ಅಲ್ಲಿ ನೀಲಿ ಅಂಟುತ್ತದೆ. ಅಷ್ಟನ್ನೇ ಉಜ್ಜಿ ತೆಗೆದರೆ ಎರಡೂ ಬದಿ ಸಮ ಕೂರುತ್ತದೆ. ಪೌಲ್ಸೆನ್‌ನ ಹಾಳೆಯಲ್ಲಿ ನೀಲಿ ಅಂಟುವುದು ಎಲ್ಲಿ ಎಂದು ಹುಡುಕಿದಳು. ಹದಿನಾಲ್ಕು ಶಕ್ತಿಗಳಿದ್ದವು. ಒಂದೊಂದರ ಪಕ್ಕದಲ್ಲೂ ಅದು ಬಂದ ತಾರೀಖು ಇತ್ತು. ಯಾವುದನ್ನು ಉಜ್ಜಬೇಕೆಂದು ನೋಡಲು ಹಳೆಯ ನೋಟುಪುಸ್ತಕಗಳನ್ನು ಕಪಾಟಿನಿಂದ ಇಳಿಸಿದಳು.

ಬಿದ್ದ ದಾಳವನ್ನೆಲ್ಲ ಅವಳು ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದಳು. ಇದೂ ಕೆಲಸದಿಂದ ಬಂದ ಅಭ್ಯಾಸವೇ, ಉಜ್ಜಿದ್ದನ್ನೆಲ್ಲ ಬರೆದಿಟ್ಟು ರೂಢಿ. ಬಾಯಿ ಏನೇ ಹೇಳಿದರೂ ಕೈ ಮಾತ್ರ ಬಿದ್ದದ್ದನ್ನೇ ಬರೆಯುತ್ತಿತ್ತು.

ಮೊದಲನೇ ತಾರೀಖು ತೆಗೆದಳು. ಹನ್ನೊಂದು ವರ್ಷದ ಹಿಂದಿನ ಅಕ್ಟೋಬರ್. ತೋಳದ ಗುಹೆ. ಪೌಲ್ಸೆನ್‌ಗೆ ಬಿದ್ದದ್ದು: ಒಂದು. ಪೆನ್ಸಿಲಿನಲ್ಲಿ ಸ್ಪಷ್ಟವಾಗಿತ್ತು. ಮೂರು ಅಥವಾ ಅದಕ್ಕಿಂತ ಕಡಿಮೆ ಬಿದ್ದರೆ ಸಾವು.

ನೆನಪಾಯಿತು. ಅವತ್ತು ಆಟ ಶುರುವಾಗುವ ಮೊದಲು ಐನಾರ್ ಕೋಟು ಬಿಚ್ಚುತ್ತ ಹೇಳಿದ್ದ, "ನಿನ್ನೆ ನಾಲ್ಕು ಗಂಟೆ ನಿದ್ದೆ ಬಂತು ಕಣೆ. ಪೌಲ್ಸೆನ್ ಆ ಗುಹೇಲಿ ಏನು ಮಾಡ್ಬಹುದು ಅಂತ ಯೋಚಿಸ್ತಾ ಯೋಚಿಸ್ತಾ ಬಂದುಬಿಡ್ತು." ಅದಾಗಿ ಒಂದು ಗಂಟೆಗೆ ಮರೆಯ ಹಿಂದೆ ಒಂದು ಬಿದ್ದಾಗ ಅದನ್ನು ಹೇಳಲು ವಿಬೆಕೆಗೆ ನಾಲಿಗೆ ಹೊರಳಲಿಲ್ಲ. "ಹದಿನೈದು," ಎಂದುಬಿಟ್ಟಳು. ತೋಳದ ಬಾಯಿಂದ ಹೇಗೆ ತಪ್ಪಿಸಿಕೊಂಡ ಎಂದು ಪ್ರೆಬೆನ್ ಹುಬ್ಬೇರಿಸಿದ. "ಮಂಜಾಗಿ ಕರಗಿದ. ಪೌಲ್ಸೆನ್‌ಗೆ ಆ ಶಕ್ತಿ ಇದೆ, ಇವತ್ತು ಗೊತ್ತಾಯ್ತು." ಹಾಳೆಗೆ ಮೊದಲ ಶಕ್ತಿ ಬಂದದ್ದು ಹಾಗೆ.

ಎರಡನೇ ತಾರೀಖು ನೋಡಿದಳು. ಎರಡು ಬಿದ್ದಿತ್ತು. ಮೂರನೆಯದರಲ್ಲಿ ಮತ್ತೆ ಒಂದು. ಹದಿನಾಲ್ಕು ಶಕ್ತಿ, ಹದಿನಾಲ್ಕು ಸಾವು. ಒಂದೊಂದು ಸಲ ಅವನನ್ನು ಉಳಿಸಿದಾಗಲೂ ಆ ಸುಳ್ಳಿಗೆ ಒಂದು ಕಾರಣ ಬೇಕಾಗಿತ್ತು, ಕಾರಣವೇ ಶಕ್ತಿಯಾಗಿ ಹಾಳೆಯಲ್ಲಿ ಕೂತಿತ್ತು. ಐನಾರ್‌ಗೆ ಮಂಡಿ ಆಪರೇಷನ್ ಆದ ವಾರ ತೋಳ ಕರೆಯುವ ಶಕ್ತಿ ಬಂದಿತ್ತು. ಗುಡ್ರುನ್‌ಳ ಹುಟ್ಟುಹಬ್ಬದ ಶನಿವಾರ ಕಣ್ಣಿನ ಶಕ್ತಿ ಬಂದಿತ್ತು. ಒಂದು ಕೈಯಲ್ಲಿ ಅವನನ್ನು ಕಟ್ಟಿಹಾಕಲು ಹೊರಟವಳು ಇನ್ನೊಂದು ಕೈಯಲ್ಲಿ ಹಗ್ಗ ಬಿಚ್ಚುತ್ತಿದ್ದಳು. ನೀಲಿ ಅಂಟಿದ್ದು ಅವಳ ಬೆರಳಿಗೇ.

ಪುಟ ಮಗುಚುತ್ತಿದ್ದ ಕೈ ಇನ್ನೊಂದು ಸಾಲಿನಲ್ಲಿ ನಿಂತಿತು. ಪೌಲ್ಸೆನ್‌ನ ಏಳನೇ ಸಾವಿನ ದಿನವೇ, ಅದೇ ಪುಟದಲ್ಲಿ, ಪ್ರೆಬೆನ್‌ನ ಕುದುರೆಗೆ ಮೂರು ಬಿದ್ದಿತ್ತು. ಆ ಮೂರನ್ನು ಮಾತ್ರ ಮೂರೆಂದೇ ಹೇಳಿದ್ದಳು. ಕುದುರೆ ಸತ್ತಿತ್ತು. ಪ್ರೆಬೆನ್ ಇವತ್ತಿಗೂ ತನ್ನ ಹಾಳೆಯಲ್ಲಿ ಆ ಕುದುರೆಯ ಹೆಸರಿನ ಸುತ್ತ ಕಪ್ಪು ಗೆರೆ ಉಳಿಸಿಕೊಂಡಿದ್ದ. ವಿಬೆಕೆಗೆ ನಾಚಿಕೆಯಾಯಿತು. ಒಬ್ಬನ ಮೇಲಿನ ಕರುಣೆಯನ್ನು ಅವಳು ಉಳಿದವರ ಪಾಲಿನಿಂದ ತೆಗೆದು ಕೊಟ್ಟಿದ್ದಳು, ಅವರನ್ನು ಒಂದು ಮಾತು ಕೇಳದೆ.

ಇನ್ನು ಉಳಿದಿದ್ದು ಒಂದೇ ದಾರಿ. ರಟ್ಟಿನ ಮರೆ ತೆಗೆಯಬೇಕು. ತೆಗೆದರೆ ಪೌಲ್ಸೆನ್ ಎರಡು ಮೂರು ವಾರಕ್ಕಿಂತ ಹೆಚ್ಚು ಬದುಕುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಪೌಲ್ಸೆನ್ ಹೋದರೆ ಐನಾರ್ ಏನಾಗುತ್ತಾನೆ ಎಂಬುದು ಗೊತ್ತಿರಲಿಲ್ಲ. ಎಪ್ಪತ್ತೇಳು ವರ್ಷದ ಮುದುಕ, ವಾರವೆಲ್ಲ ಕಾಯುವುದು ಈ ನಾಲ್ಕು ಗಂಟೆಗೆ. ಮತ್ತೆ ರಾತ್ರಿಯೆಲ್ಲ ಕಿಟಕಿಯ ಮುಂದೆ ಕೂರುತ್ತಾನೆಯೇ? ಇತ್ತ ಟಿಲ್ಡ ಹೋದರೆ ಕೋಣೆಯೇ ಹೋಗುತ್ತದೆ, ಆಗಲೂ ಅವನು ಕಿಟಕಿಯ ಮುಂದೆಯೇ. ವಿಬೆಕೆ ನೋಟುಪುಸ್ತಕದ ಮೇಲೆ ತಲೆಯಿಟ್ಟು ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಎದ್ದು ಮುಖ ತೊಳೆದು ಆಲೂಗಡ್ಡೆ ಬೇಯಿಸಲಿಟ್ಟಳು.

ಬುಧವಾರ ಐನಾರ್ ತಾನಾಗಿಯೇ ಅವಳ ಕ್ಲಿನಿಕ್ಕಿಗೆ ಬಂದ. ಕೆಳಗಿನ ಕಟ್ಟುಹಲ್ಲು ಒತ್ತುತ್ತಿತ್ತು.

"ಕಚ್ಚು," ಎಂದು ನೀಲಿ ಕಾಗದ ಇಟ್ಟಳು ವಿಬೆಕೆ.

ಕಚ್ಚಿದ. ಬಾಯಿ ತೆರೆದ. ಎಡಗಡೆ ಹಿಂದೆ ಒಂದು ನೀಲಿ ಚುಕ್ಕೆ.

"ಪ್ರೆಬೆನ್‌ನ ಬಸ್ಸಲ್ಲಿ ಬಂದೆ," ಎಂದ ಅವನು, ಅವಳು ಹಲ್ಲನ್ನು ಹೊರತೆಗೆದು ಉಜ್ಜುತ್ತಿರುವಾಗ ಬೊಚ್ಚು ಬಾಯಲ್ಲೇ. "ಟಿಲ್ಡ ಮುಖ ಊದಿಸ್ಕೊಂಡಿದಾಳೆ ಅಂದ. ಹೌದಾ?"

"ಹೂಂ."

"ಪೌಲ್ಸೆನ್ ಕಾಟಕ್ಕಾ?"

ವಿಬೆಕೆ ಯಂತ್ರ ನಿಲ್ಲಿಸಿದಳು. ಹೇಳಿಬಿಡಬೇಕು ಎಂದು ಬಾಯಿ ತೆರೆದಳು. ಕುರ್ಚಿಯಲ್ಲಿ ಒರಗಿದ್ದ ಅವನ ಕೆನ್ನೆ ಹಲ್ಲಿಲ್ಲದೆ ಒಳಗೆ ಹೋಗಿತ್ತು, ಕುತ್ತಿಗೆಗೆ ಕಟ್ಟಿದ ಕಾಗದದ ಬಟ್ಟೆಯಲ್ಲಿ ಮಗುವಿನ ಹಾಗೆ ಕಾಣುತ್ತಿದ್ದ. ಅವಳಿಂದ ಆಗಲಿಲ್ಲ.

"ಪೌಲ್ಸೆನ್ ಸ್ವಲ್ಪ ಜಾಸ್ತಿ ಆಗಿದಾನೆ, ಐನಾರ್," ಎಂದಷ್ಟೇ ಹೇಳಿದಳು.

"ಜಾಸ್ತಿ ಆದ್ರೆ ಉಜ್ಜು. ಇದನ್ನ ಉಜ್ಜಲ್ವಾ?" ಹಲ್ಲು ತೆಗೆದುಕೊಂಡು ಬಾಯಿಗೆ ಹಾಕಿ, ಎರಡು ಸಲ ಕಟಕಟ ಎನ್ನಿಸಿ ನೋಡಿದ. "ಆಹಾ. ಈಗ ಸೇಬು ತಿನ್ಬಹುದು."

ಶನಿವಾರ ಬಂತು. ಟಿಲ್ಡ ಕೇಕಿಲ್ಲದೆ ಬಂದಳು. ಕೋಟು ಮಾತ್ರ ಬಿಚ್ಚಲಿಲ್ಲ. ಪ್ರೆಬೆನ್ ದಾಲ್ಚಿನ್ನಿ ಬನ್ನಿನ ಚೀಲ ಮೇಜಿನ ಮೇಲಿಟ್ಟು, "ಏನಿದು, ಮರೆ ಎಲ್ಲಿ? ಮರೆತು ಬಂದ್ಯಾ?" ಎಂದ.

"ಇನ್ಮೇಲೆ ಮರೆ ಇಲ್ಲ," ಎಂದಳು ವಿಬೆಕೆ. "ದಾಳ ಎಲ್ಲರ ಮುಂದೆ ಬೀಳುತ್ತೆ. ನಿಮ್ಮದು ನೀವೇ ಹಾಕಿ."

"ಯಾಕೆ?"

ಅವಳು ನೋಟುಪುಸ್ತಕಗಳನ್ನು ಮೇಜಿನ ಮಧ್ಯೆ ಇಟ್ಟಳು. ರಾತ್ರಿಯೆಲ್ಲ ಜೋಡಿಸಿಕೊಂಡಿದ್ದ ಮಾತುಗಳು ಒಂದೂ ಬರಲಿಲ್ಲ. "ನಾನು ಸುಳ್ಳು ಹೇಳಿದೀನಿ. ಪೌಲ್ಸೆನ್ ಹದಿನಾಲ್ಕು ಸಲ ಸತ್ತಿದಾನೆ. ನಾನು ಸಾಯಕ್ಕೆ ಬಿಡಲಿಲ್ಲ. ಅವನ ಶಕ್ತಿ ಎಲ್ಲ ನಾನು ಕಟ್ಟಿದ ಕತೆ. ಟಿಲ್ಡ, ನೀನು ಮೂರು ವರ್ಷ ಸುಮ್ನೆ ದೋಣಿ ನಡೆಸಿದ್ದು ನನ್ನಿಂದ. ತಪ್ಪಾಯ್ತು."

ಪ್ರೆಬೆನ್ ಒಂದು ನೋಟುಪುಸ್ತಕ ಎಳೆದುಕೊಂಡು ಪುಟ ತಿರುವಿದ. ತಿರುವುತ್ತ ತಿರುವುತ್ತ ಕಿವಿ ಕೆಂಪಾಯಿತು.

"ನನ್ನ ಕುದುರೆ!" ಎಂದ. "ಅದೇ ದಿನ! ಅವನಿಗೆ ಎರಡು, ನನ್ನ ಕುದುರೆಗೆ ಮೂರು. ಎರಡು ಬಿದ್ದೋನು ಬದುಕಿದ, ಮೂರು ಬಿದ್ದಿದ್ದು ಸತ್ತೋಯ್ತಾ? ನಾನು ಅವತ್ತು ಮನೆಗೆ ಹೋಗಿ ಊಟ ಮಾಡಿಲ್ಲ ಕಣೆ ವಿಬೆಕೆ! ನನ್ನ ಹೆಂಡ್ತೀನ ಕೇಳು!"

"ಗೊತ್ತು. ನಿಂದು ಸರಿ, ಪ್ರೆಬೆನ್."

"ಆರು ವರ್ಷ ನಾನು ನಡ್ಕೊಂಡೇ ಓಡಾಡ್ತಾ ಇದೀನಿ!"

ವಿಬೆಕೆ ಐನಾರ್‌ನ ಕಡೆ ನೋಡಲು ಹೆದರಿದಳು. ನೋಡಿದಾಗ ಅವನು ಫ್ಲಾಸ್ಕಿನಿಂದ ನಾಲ್ವರಿಗೂ ಕಾಫಿ ಬಗ್ಗಿಸುತ್ತಿದ್ದ.

"ಕುಡೀರಿ, ಆರಿಹೋಗುತ್ತೆ," ಎಂದ. "ಪ್ರೆಬೆನ್, ನಿನ್ನ ಕುದುರೆ ವಿಷಯಕ್ಕೆ ನಂಗೂ ಬೇಜಾರಿದೆ. ಈಗ ಆಟ ಆಡೋಣ. ಎಲ್ಲಿದ್ದೀವಿ ನಾವು?"

ಕತೆಯಲ್ಲಿ ಅವರು ನಡುಗಡ್ಡೆಯೊಂದರ ಗಾಳಿಗಿರಣಿಯ ಎದುರಿಗಿದ್ದರು. ಬೆಳಗಾಗಲು ಸ್ವಲ್ಪವೇ ಹೊತ್ತು. ಒಳಗೆ ಮಾಟಗಾತಿ. ಟಿಲ್ಡಳ ದೋಣಿಯವಳು ಮಾರೆನ್ ಎಂದಿನಂತೆ ಅವರನ್ನು ದಡಕ್ಕೆ ಬಿಟ್ಟಳು. ಪೌಲ್ಸೆನ್ ಎಂದಿನಂತೆ ಮುಂದೆ ನಡೆದ. ಗಿರಣಿಯ ಬಾಗಿಲು ಒದ್ದು ಒಳಹೊಕ್ಕ.

"ಕಣ್ಣು ನೆಡ್ತೀನಿ," ಎಂದ ಐನಾರ್. ದಾಳವನ್ನು ಅವನೇ ಹಾಕಬೇಕಿತ್ತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅದು ಅವನ ಅಂಗೈಗೆ ಬಂದಿತ್ತು. ಮೇಜಿನ ಮೇಲೆ ಉರುಳಿ ಬನ್ನಿನ ಚೀಲಕ್ಕೆ ತಾಗಿ ನಿಂತಿತು. ಎಲ್ಲರೂ ಬಗ್ಗಿ ನೋಡಿದರು. ನಾಲ್ಕು.

ಮಾಟಗಾತಿ ನಕ್ಕು ಕೋಲು ಎತ್ತಿದಳು. ಪೌಲ್ಸೆನ್‌ನ ಎದೆಗೆ ಪೆಟ್ಟು, ಚರ್ಮದ ಮುಸುಕು ಹರಿದು ನೆಲಕ್ಕೆ.

"ಮಂಜಾಗ್ತೀನಿ."

ಆರು. ಆಗಲಿಲ್ಲ. ಗಿರಣಿಯ ರೆಕ್ಕೆಗಳ ನಡುವೆ ಆಕಾಶ ಬೆಳ್ಳಗಾಗುತ್ತಿತ್ತು. ಪ್ರೆಬೆನ್ ಬನ್ನು ಬಾಯಲ್ಲೇ ಇಟ್ಟುಕೊಂಡು ಅಗಿಯುವುದನ್ನು ಮರೆತಿದ್ದ.

"ಬಾಗಿಲ ಕಡೆ ಓಡ್ತೀನಿ," ಎಂದ ಐನಾರ್. ಈಗ ಅವನ ದನಿ ಬೇರೆಯಾಗಿತ್ತು.

ಒಂದು.

ಕಪ್ಪು ದಾಳದ ಮೇಲೆ ಬಿಳಿ ಗೀಟು, ಎಲ್ಲರಿಗೂ ಕಾಣುವ ಹಾಗೆ. ವಿಬೆಕೆ ನಾಲಿಗೆ ಕಚ್ಚಿಕೊಂಡಳು. ಅಭ್ಯಾಸಬಲದಿಂದ ಹದಿನೈದು ಎಂಬ ಮಾತು ತುದಿನಾಲಿಗೆಗೆ ಬಂದಿತ್ತು, ಅದನ್ನು ನುಂಗಿಕೊಂಡಳು.

"ಪೌಲ್ಸೆನ್ ಹೊಸಿಲ ಮೇಲೆ ಬಿದ್ದ," ಎಂದಳು ಮೆಲ್ಲಗೆ. "ಬಿಸಿಲು ಬಂತು."

ಅಷ್ಟರಲ್ಲಿ ಟಿಲ್ಡ ಆಟದ ಪುಸ್ತಕವನ್ನು ಎಳೆದುಕೊಂಡು ಪುಟ ಹುಡುಕುತ್ತಿದ್ದಳು. "ಇರಿ ಇರಿ! ಇಲ್ಲೊಂದು ನಿಯಮ ಇದೆ, ಯಾವತ್ತೂ ಬೇಕಾಗಿರ್ಲಿಲ್ಲ ಅಷ್ಟೆ. ಬಿದ್ದ ಪಿಶಾಚಿಗೆ ಯಾರಾದ್ರೂ ತಾವಾಗೇ ರಕ್ತ ಕೊಟ್ರೆ ಏಳ್ತಾನೆ. ಆರು ಜೀವಾಂಕ ಬೇಕು. ಕೊಟ್ಟಿದ್ದು ವಾಪಸ್ ಬರಲ್ಲ." ತನ್ನ ಹಾಳೆ ನೋಡಿಕೊಂಡಳು. ಮಾರೆನ್‌ಗೆ ಇದ್ದದ್ದೇ ಒಂಬತ್ತು. ರಬ್ಬರು ಕೈಗೆತ್ತಿಕೊಂಡಳು. "ಕೊಡ್ತೀನಿ."

"ಟಿಲ್ಡ, ಆಮೇಲೆ ನಿಂಗೆ ಮೂರೇ ಉಳಿಯುತ್ತೆ," ಎಂದ ಪ್ರೆಬೆನ್. "ಒಂದು ಕೋಳಿ ಕುಕ್ಕಿದ್ರೂ ಸಾಯ್ತೀಯ."

"ಸತ್ರೆ ಸಾಯ್ತೀನಿ. ಈ ಮುದುಕನ್ನ ಮೂರು ವರ್ಷ ದೋಣೀಲಿ ಹೊತ್ಕೊಂಡು ತಿರುಗಿದೀನಿ. ಈಗ ಬಿಸಿಲಲ್ಲಿ ಬಿಟ್ಟು ಹೋಗ್ಲಾ?"

ಪೌಲ್ಸೆನ್‌ನ ಕಾಟಕ್ಕೆ ಆಟವನ್ನೇ ಬಿಡಲು ಹೊರಟಿದ್ದವಳು ಅವಳು. ರಬ್ಬರು ಆಗಲೇ ಒಂಬತ್ತರ ಬಾಲವನ್ನು ಅಳಿಸುತ್ತಿತ್ತು. ಐನಾರ್ ಕೈ ಚಾಚಿ ಅವಳ ಕೈ ಹಿಡಿದ.

"ಬೇಡ, ಹುಡುಗಿ. ಇಟ್ಕೋ. ನೀನು ಹುಟ್ಟು ಹಾಕ್ಬೇಕು."

"ನಿಯಮ ಇದೆ ಅಂತಿದೀನಲ್ಲ!"

"ಇದೆ. ಕೊಡೋದು ನಿನ್ನಿಷ್ಟ, ತಗೊಳ್ಳೋದು ಪೌಲ್ಸೆನ್ ಇಷ್ಟ. ಅವನು ಬೇಡ ಅಂತಾನೆ." ಅವನು ಕುರ್ಚಿಗೆ ಒರಗಿದ. "ಅವನು ಸೂರ್ಯ ಹುಟ್ಟೋದು ನೋಡಿ ಎಷ್ಟು ವರ್ಷ ಆಯ್ತು ಗೊತ್ತಾ? ನೋಡಲಿ ಬಿಡು. ಹೇಳು ವಿಬೆಕೆ, ಹೇಗಿದೆ?"

ವಿಬೆಕೆ ಹೇಳಿದಳು. ಅವಳಿಗೆ ಗೊತ್ತಿದ್ದ ಸೂರ್ಯೋದಯ ಒಂದೇ, ಫ್ಯೋರ್ಡಿನದು. ಅದನ್ನೇ ಹೇಳಿದಳು. ನೀರು ಮೊದಲು ತವರದ ಬಣ್ಣವಾಗುವುದು, ಆಚೆ ದಡದ ಹೊಲಗಳ ಮೇಲಿನ ಮಂಜು ಏಳುವುದು, ಬೆಳಕು ಮೊದಲು ಹಕ್ಕಿಗಳ ಹೊಟ್ಟೆಗೆ ತಾಗಿ ಆಮೇಲೆ ನೆಲಕ್ಕೆ ಬರುವುದು. ಪೌಲ್ಸೆನ್‌ನ ಕೈಗೆ, ಎದೆಗೆ, ಮುಖಕ್ಕೆ ಬಿಸಿಲು ಬಂತು. ಅವನು ಕಣ್ಣು ಮುಚ್ಚಲಿಲ್ಲ. ಹೊಸಿಲ ಮೇಲೆ ಒಂದು ಹಿಡಿ ಬೂದಿ ಉಳಿಯಿತು.

ಪ್ರೆಬೆನ್ ಟೋಪಿ ಹಾಕಿಯೇ ಇರಲಿಲ್ಲ, ಆದರೂ ತಲೆಗೆ ಕೈ ಹಾಕಿ ಟೋಪಿ ತೆಗೆಯುವವನಂತೆ ಮಾಡಿದ.

"ಆ ಮಾಟಗಾತಿ ಇನ್ನೂ ಅಲ್ಲೇ ಇದಾಳೆ," ಎಂದಳು ಟಿಲ್ಡ, ಕಣ್ಣು ಒರೆಸಿಕೊಂಡು. "ಈಗ ಅವಳನ್ನ ಯಾರು ನೋಡ್ಕೋತಾರೆ?"

"ನಾವೇ," ಎಂದ ಪ್ರೆಬೆನ್. "ಇನ್ಯಾರಿದಾರೆ?"

ಟಿಲ್ಡ ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದಳು. ತೋಳು ಮೇಲೆ ಮಾಡಿ ದಾಳ ಎತ್ತಿಕೊಂಡಳು. "ಹುಟ್ಟು ತಗೊಂಡು ಓಡ್ತೀನಿ. ಅವಳ ತಲೆಗೆ ಬಿಡ್ತೀನಿ."

ದಾಳ ಉರುಳಿತು. ಹತ್ತೊಂಬತ್ತು.

ಅವರು ಹಾಕಿದ ಕೂಗಿಗೆ ಕೆಳಗಿನ ಮಹಡಿಯ ಲಿನೋಲಿಯಂ ನೆಲಹಾಸಿನ ಅಂಗಡಿಯವನು ಮೆಟ್ಟಿಲ ಬಳಿ ಬಂದು ಏನಾಯಿತೆಂದು ಕೇಳಿದ. ಎಲ್ಲರಿಗಿಂತ ಜೋರಾಗಿ ಕೂಗಿದವನು ಐನಾರ್. ಮೇಜು ಗುದ್ದಿದ ರಭಸಕ್ಕೆ ಕಾಫಿ ಚೆಲ್ಲಿ ಪೌಲ್ಸೆನ್‌ನ ಹಾಳೆ ನೆನೆಯಿತು, ಅದನ್ನು ಯಾರೂ ಎತ್ತಲಿಲ್ಲ.

ಗಲಾಟೆ ಇಳಿದ ಮೇಲೆ ವಿಬೆಕೆ ಬಟ್ಟೆ ತಂದು ಮೇಜು ಒರೆಸುತ್ತ ಅವನ ಪಕ್ಕ ನಿಂತಳು.

"ನಾನು ನಿಂಗೆ ಮೊದಲೇ ಹೇಳ್ಬೇಕಿತ್ತು, ಐನಾರ್."

"ನಂಗೆ ಗೊತ್ತಿತ್ತು."

ಅವಳ ಕೈ ನಿಂತಿತು.

"ನಲವತ್ತು ವರ್ಷ ಎಂಜಿನ್ ಶಬ್ದ ಕೇಳಿದೋನು ನಾನು," ಎಂದ ಅವನು. "ದಾಳ ನಿಂತ ತಕ್ಷಣ ನೀನು ಅಂಕಿ ಹೇಳ್ತೀಯ. ಪ್ರೆಬೆನ್‌ದಾದ್ರೂ ಅಷ್ಟೆ, ಟಿಲ್ಡಂದಾದ್ರೂ ಅಷ್ಟೆ. ನಂದು ಕೆಟ್ಟದ್ದು ಬಿದ್ದಾಗ ಮಾತ್ರ ಮೊದಲು ಒಂದು ಉಸಿರು ಎಳ್ಕೋತೀಯ. ಆಮೇಲೆ ಹೇಳ್ತೀಯ. ಆ ತೋಳದ ಗುಹೆ ದಿನಾನೇ ಕೇಳಿಸ್ತು."

"ಮತ್ತೆ ಯಾಕೆ ಸುಮ್ನಿದ್ದೆ?"

ಐನಾರ್ ಕಪ್ಪಿನ ತಳದ ಕಾಫಿ ಕುಡಿದು ಮುಗಿಸಿದ. "ಆ ವರ್ಷ ನಂಗೋಸ್ಕರ ಯಾರೋ ಒಬ್ರು ಉಸಿರು ಹಿಡೀತಾರೆ ಅನ್ನೋದೇ ಸಾಕಾಗಿತ್ತು ಕಣೆ. ಆಮೇಲೆ ಅಭ್ಯಾಸ ಆಯ್ತು. ಆಮೇಲೆ ನಿಂಗೇ ಅದು ಬೇಕೇನೋ ಅಂದ್ಕೊಂಡೆ. ಟಿಲ್ಡಂಗೆ ಅನ್ಯಾಯ ಆಗ್ತಿದೆ ಅಂತ ಹೊಳೀಲೇ ಇಲ್ಲ ನೋಡು. ಇಬ್ಬರೂ ಪೆದ್ದರೇ." ಆಮೇಲೆ ದನಿ ತಗ್ಗಿಸಿದ. "ಇವತ್ತು ದಾಳ ಹಾಕುವಾಗ ಹೆದರಿಕೆ ಆಯ್ತು, ವಿಬೆಕೆ. ಎದೆ ಡಬಡಬ ಅಂತು. ಎಷ್ಟು ಚೆನ್ನಾಗಿತ್ತು!"

ಅವನು ನೆನೆದ ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡ. ಕೋಟಿಗೆ ಕೈ ಹಾಕುತ್ತಾನೆ, ಎದ್ದು ಹೋಗುತ್ತಾನೆ ಎಂದು ವಿಬೆಕೆ ಕಾದಳು. ಅವನು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು ಪುಸ್ತಕದ ಚಿತ್ರಗಳ ಪುಟ ತೆಗೆದ.

"ಇದ್ರಲ್ಲಿ ರಾತ್ರಿ ಮಲಗೋರು ಯಾರಿದಾರೆ?" ಎಂದ. "ಬೆಳಿಗ್ಗೆ ಎದ್ದು ಗಂಜಿ ಕುಡಿಯೋ ಅಂಥೋರು."

ಟಿಲ್ಡ ಒಂದು ಖಾಲಿ ಹಾಳೆಯನ್ನೂ ಪೆನ್ಸಿಲನ್ನೂ ಅವನ ಮುಂದೆ ತಳ್ಳಿದಳು.

"ನನ್ನ ದೋಣೀಲಿ ಎರಡು ಹುಟ್ಟಿದೆ," ಎಂದಳು. "ಮೂರು ವರ್ಷದಿಂದ ಎರಡೂ ನಾನೇ ಎಳೀತಾ ಇದೀನಿ. ಬರ್ತೀಯಾ?"

"ಬರ್ತೀನಿ. ಬಲ ಎಷ್ಟು ಬೇಕು ಅದಕ್ಕೆ?"

"ಅದನ್ನ ದಾಳ ಹೇಳುತ್ತೆ," ಎಂದ ಪ್ರೆಬೆನ್. "ಇವತ್ತಿಂದ ಎಲ್ಲರಿಗೂ ಒಂದೇ ದಾಳ. ವಿಬೆಕೆ, ಇದೊಂದು ನೀನೇ ಹಾಕು."

ವಿಬೆಕೆ ದಾಳ ತೆಗೆದುಕೊಂಡಳು. ಮೇಜಿನ ನಡುವೆ, ನೋಟುಪುಸ್ತಕಗಳ ಪಕ್ಕದಲ್ಲಿ ಉರುಳಿಸಿದಳು. ಐನಾರ್ ಕಣ್ಣು ಮುಚ್ಚಿ ಕಿವಿ ಕೊಟ್ಟು ಕೂತಿದ್ದ. ದಾಳ ನಿಂತಿತು.

"ಐದು," ಎಂದಳು ವಿಬೆಕೆ, ನಿಂತ ತಕ್ಷಣ.

ಐನಾರ್ ಕಣ್ಣು ಬಿಟ್ಟು ನಕ್ಕ. "ಸಾಕು," ಎಂದು ಹಾಳೆಯ ಮೇಲೆ ಐದು ಬರೆದುಕೊಂಡ.